ನೆಲದೊಳಗಿನ ವಿಷವೂ ಪರದೇಶದ ವಿದ್ಯೆಯೂ

2025ನೆಯ ಇಸವಿ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರದವರು ವಿಷಪೂರಿತವಾದ ನೆಲಗಳ ನಿರ್ವಹಣೆಗಾಗಿ ಪ್ರತ್ಯೇಕವಾದೊಂದು ನಿಯಮಾವಳಿಯನ್ನು ಪ್ರಕಟಿಸಿದರು. ಕೈಗಾರಿಕೆಯ ಕಲ್ಮಷದಿಂದ ಕೆಟ್ಟುಹೋಗಿರುವುವೆಂದು ಆ ವೇಳೆಗೆ ದೇಶದಲ್ಲಿ ಗುರುತಿಸಲ್ಪಟ್ಟಿದ್ದ ಸ್ಥಳಗಳು 103. ಅವುಗಳಲ್ಲಿ ಶುದ್ಧೀಕರಣದ ಕಾರ್ಯಕ್ಕೆ ಕೈಹಚ್ಚಿದ್ದುದು ಕೇವಲ 7 ಕಡೆಗಳಲ್ಲಿ. ಉಳಿದ 96 ಸ್ಥಳಗಳ ಗತಿಯೇನು? ಆ ನೆಲದ ಮೇಲೆ ಮನೆ ಕಟ್ಟಿಕೊಂಡು, ಆ ನೆಲದ ಬಾವಿಗಳ ನೀರನ್ನು ಕುಡಿದು, ಆ ನೀರಿನಿಂದಲೇ ಪೈರು ಬೆಳೆಯುತ್ತಿರುವ ಪ್ರಜೆಗಳ ಗತಿಯೇನು? ಹೊಸ ನಿಯಮಗಳು ಜಿಲ್ಲಾಡಳಿತಕ್ಕೂ ಮಾಲಿನ್ಯ ನಿಯಂತ್ರಣ ಮಂಡಲಿಗೂ ತನಿಖೆಯ ಗಡುವುಗಳನ್ನು ವಿಧಿಸಿರುವುವು. ಕೆಡಿಸಿದವನೇ ಖರ್ಚನ್ನು ಕೊಡತಕ್ಕದ್ದೆಂದೂ ಹೇಳಿರುವುವು. ಅದು ಶ್ಲಾಘ್ಯವಾದ ಮಾತು. ಆದರೆ ಶುದ್ಧಿ ಮಾಡುವ ಬಗೆ ಯಾವುದು, ಆ ವಿದ್ಯೆಯನ್ನು ಎಲ್ಲಿಂದ ತರತಕ್ಕದ್ದು, ತಂದುದನ್ನು ಯಾರು ನಡೆಸತಕ್ಕದ್ದು ಎಂಬ ಪ್ರಶ್ನೆಗಳು ಈಗ ನಮ್ಮ ಮುಂದೆ ನಿಂತಿವೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕಾಣದ ಶತ್ರು

ಹೊಳೆಯ ನೀರು ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ಮಳೆಗಾಲದ ಒಂದು ಪ್ರವಾಹ ಬಂದರೆ ಅಷ್ಟಿಷ್ಟು ತೊಳೆದೂ ಹೋಗುತ್ತದೆ. ನೆಲದೊಳಗಿನ ನೀರಿನ ಸ್ಥಿತಿ ಹಾಗಲ್ಲ. ಅದು ಮಣ್ಣಿನ ಕಣಗಳ ಸಂದಿನಲ್ಲಿ, ಬಂಡೆಯ ಬಿರುಕಿನಲ್ಲಿ ಮೆಲ್ಲಮೆಲ್ಲನೆ ಜಿನುಗುವಂಥದು. ಇಂದು ಕಾರ್ಖಾನೆಯ ಹಿತ್ತಲಿನಲ್ಲಿ ಸುರಿದ ದ್ರವವು ಹತ್ತು ವರ್ಷಗಳ ಅನಂತರ ಪಕ್ಕದ ಹಳ್ಳಿಯ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು. ಸುರಿದವನು ಅಷ್ಟರೊಳಗೆ ಲಾಭವನ್ನು ಎಣಿಸಿಕೊಂಡು, ಬಾಗಿಲನ್ನು ಮುಚ್ಚಿಕೊಂಡು ಹೊರಟುಹೋಗಿರುವನು.

ರಾಜಸ್ಥಾನದ ಉದಯಪುರದ ಬಳಿಯ ಬಿಚ್ಛ್ರಿ ಗ್ರಾಮದ ಕಥೆ ಇದಕ್ಕೆ ಸಾಕ್ಷಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ಎಚ್ ಆಸಿಡ್ ಎಂಬ ಪದಾರ್ಥವನ್ನು ರಫ್ತಿಗಾಗಿ ತಯಾರಿಸಿದರು. ಪಾಶ್ಚಾತ್ಯ ದೇಶಗಳು ಅದರ ತಯಾರಿಕೆಯನ್ನು ತಮ್ಮಲ್ಲಿ ನಿಷೇಧಿಸಿ, ಅದರ ಅವಶ್ಯಕತೆಯನ್ನು ಮಾತ್ರ ಇಲ್ಲಿಂದ ಪೂರೈಸಿಕೊಳ್ಳುತ್ತಿದ್ದುವೆಂದು ಸರ್ವೋಚ್ಚ ನ್ಯಾಯಾಲಯವೇ ತನ್ನ 1996ನೆಯ ಇಸವಿಯ ತೀರ್ಪಿನಲ್ಲಿ ಗುರುತಿಸಿದೆ. ತಯಾರಾದ ಸರಕು 375 ಟನ್ನು. ಹಿಂದೆ ಬಿಟ್ಟುಹೋದ ವಿಷದ ಕೆಸರು 2,400 ಟನ್ನಿಗೂ ಮಿಗಿಲು. ಮಳೆಯ ನೀರಿನೊಡನೆ ಆ ವಿಷವು ಇಳಿದು ಬಾವಿಗಳ ನೀರು ಮನುಷ್ಯರಿಗೂ ದನಗಳಿಗೂ ಪೈರಿಗೂ ಬೇಡವಾಯಿತು. ಕೆಡಿಸಿದವರೇ ದಂಡ ತೆರಬೇಕೆಂದು ನ್ಯಾಯಾಲಯವು ವಿಧಿಸಿತು, ಹಣ ಬರಲಿಲ್ಲ. 2011ನೆಯ ಇಸವಿಯಲ್ಲಿ 37 ಕೋಟಿ ರೂಪಾಯಿಗಳಿಗೆ ಮೀರಿದ ಮೊತ್ತವನ್ನು ಚಕ್ರಬಡ್ಡಿಸಹಿತ ಕೊಡಬೇಕೆಂದು ಅದೇ ನ್ಯಾಯಾಲಯವು ಮತ್ತೊಮ್ಮೆ ಕಟ್ಟಾಜ್ಞೆ ಮಾಡಬೇಕಾಯಿತು. ಬಣ್ಣ ಯಾರದೋ ಬಟ್ಟೆಗೆ ಏರಿತು. ವಿಷ ನಮ್ಮ ಬಾವಿಗೆ ಇಳಿಯಿತು.

ಅಗೆದು ಸಾಗಿಸುವುದರ ಕಷ್ಟ

ಕೆಟ್ಟ ಮಣ್ಣನ್ನು ಅಗೆದು ಬೇರೆಡೆಗೆ ಸಾಗಿಸಿದರಾಯಿತೆಂದು ಯಾರಾದರೂ ಹೇಳಬಹುದು. ಎಲ್ಲ ದೇಶಗಳವರೂ ಮೊದಲು ಮಾಡಿದುದು ಅದನ್ನೇ. 1980ನೆಯ ಇಸವಿಯಲ್ಲಿ ಹಾಲೆಂಡ್ ದೇಶದ ಲೆಕ್ಕರ್‌ಕರ್ಕ್ ಎಂಬ ಊರಿನಲ್ಲಿ ಹೊಸ ಬಡಾವಣೆಯ ಮನೆಗಳು ರಾಸಾಯನಿಕ ಕಸದ ಮೇಲೆ ನಿಂತಿರುವುವೆಂದು ಗೊತ್ತಾಯಿತು. ಸುಮಾರು 270 ಕುಟುಂಬಗಳನ್ನು ತೆರವು ಮಾಡಿಸಿ, ಮನೆಗಳ ಅಡಿಯಿಂದ ಸಾವಿರಕ್ಕೂ ಮಿಗಿಲಾದ ಪೀಪಾಯಿಗಳನ್ನೂ ಅಪಾರವಾದ ಮಣ್ಣನ್ನೂ ಎತ್ತಿ ಸಾಗಿಸಿದರು. ಅನಂತರ ಆ ದೇಶದವರು ಕೆಟ್ಟ ನೆಲವನ್ನೆಲ್ಲ ಮೊದಲಿನಂತೆಯೇ ನಿರ್ಮಲಗೊಳಿಸತಕ್ಕದ್ದೆಂದು ಸಂಕಲ್ಪ ಮಾಡಿದರು. ಹುಡುಕಿದಷ್ಟೂ ಕೆಟ್ಟ ನೆಲ ಸಿಕ್ಕಿತು, ಖರ್ಚು ಮಿತಿಮೀರಿತು. 1990ರ ದಶಕದ ಕೊನೆಯ ವೇಳೆಗೆ ಅವರು ತಮ್ಮ ನೀತಿಯನ್ನೇ ಬದಲಾಯಿಸಿ, ನೆಲದ ಉಪಯೋಗಕ್ಕೆ ತಕ್ಕಷ್ಟು ಶುದ್ಧಿ ಸಾಕೆಂದು ನಿರ್ಧರಿಸಿದರು. ಧನಿಕವಾದ ಪುಟ್ಟ ದೇಶವೊಂದಕ್ಕೆ ನಿಲುಕದ ಮಾರ್ಗವು ನಮಗೆ ನಿಲುಕೀತೆ?

ನಮ್ಮ ಅನುಭವವಾದರೂ ಏನು? 1984ನೆಯ ಇಸವಿ ಡಿಸೆಂಬರ್ ತಿಂಗಳ ಆ ಘೋರರಾತ್ರಿಯ ಭೋಪಾಲವನ್ನು ಯಾರೂ ಮರೆತಿಲ್ಲ. ಆ ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ ವಿಷದ ಕಸವನ್ನು 40 ವರ್ಷಗಳ ಅನಂತರ, 2025ನೆಯ ಇಸವಿಯ ಜನವರಿಯಲ್ಲಿ, ಸುಮಾರು 250 ಕಿಲೋಮೀಟರ್ ದೂರದ ಪೀತಂಪುರಕ್ಕೆ ಸಾಗಿಸಿದರು. ಅಲ್ಲಿಯ ಜನರು ಬೀದಿಗಿಳಿದು ಪ್ರತಿಭಟಿಸಿದರು. ಭೋಪಾಲದ ರೋಗಕ್ಕೆ ಪೀತಂಪುರದಲ್ಲಿ ಚಿಕಿತ್ಸೆಯೆಂದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅವರಿಗೆ ತೋರಿದುದರಲ್ಲಿ ಆಶ್ಚರ್ಯವೇನು? ಜೂನ್ ತಿಂಗಳ ಕೊನೆಗೆ ಆ ಕಸವನ್ನು ಸುಟ್ಟು ಮುಗಿಸಿದರು. ಆದರೆ ಭೋಪಾಲದ ನೆಲದೊಳಗೆ ಇಳಿದ ವಿಷ ಅಲ್ಲಿಯೇ ಇದೆ. ಶುದ್ಧಿಯಾಗಬೇಕಾದ ಮಣ್ಣೇ ಸುಮಾರು 11 ಲಕ್ಷ ಟನ್ನುಗಳೆಂದು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾಲಯದವರು 2010ನೆಯ ಇಸವಿಯಲ್ಲಿ ಅಂದಾಜು ಮಾಡಿದ್ದರು. 337 ಟನ್ನನ್ನು ಸಾಗಿಸಲು 40 ವರ್ಷ ಬೇಕಾಗಿದ್ದರೆ, 11 ಲಕ್ಷ ಟನ್ನನ್ನು ಎಂದಿಗೆ ಸಾಗಿಸುವುದು? ಸಾಗಿಸಿ ಯಾವ ಊರಿನ ಬಾಗಿಲಿಗೆ ಸುರಿಯುವುದು?

ಶೋಧನವೂ ಶಮನವೂ

ನಮ್ಮ ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಯು ಎರಡು ಬಗೆ. ದೋಷವನ್ನು ಶರೀರದಿಂದ ಹೊರಕ್ಕೆ ಹಾಕುವುದು ಶೋಧನ. ಹೊರಹಾಕದೆ, ಇದ್ದಲ್ಲಿಯೇ ಅಡಗಿಸಿ ಸಮಸ್ಥಿತಿಗೆ ತರುವುದು ಶಮನ. ಬಲವಂತನಾದ ರೋಗಿಗೆ ಶೋಧನ ಒಗ್ಗುವುದು. ದುರ್ಬಲನಿಗೆ ಶಮನವೇ ಲೇಸು. ನೆಲವನ್ನು ಅಗೆಯದೆ, ಮಣ್ಣನ್ನು ಎತ್ತದೆ, ವಿಷವನ್ನು ಅದು ಇರುವ ಸ್ಥಳದಲ್ಲಿಯೇ ನಿರ್ವಿಷಗೊಳಿಸುವ ವಿಧಾನಗಳನ್ನು ಪಾಶ್ಚಾತ್ಯರು ಕಳೆದ 50 ವರ್ಷಗಳಲ್ಲಿ ಸಾಧಿಸಿಕೊಂಡಿರುವರು. ಅವನ್ನು ಭೂಮಿಯ ಶಮನಚಿಕಿತ್ಸೆಯೆನ್ನಬಹುದು.

ಇವುಗಳಲ್ಲಿ ಹಳೆಯದೊಂದು 1972ನೆಯ ಇಸವಿಯದು. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಆಂಬ್ಲರ್ ಎಂಬಲ್ಲಿ ಕೊಳವೆಯೊಡೆದು ಪೆಟ್ರೋಲು ನೆಲಕ್ಕೆ ಇಳಿದಿತ್ತು. ರಿಚರ್ಡ್ ರೇಮಂಡ್ ಎಂಬ ವಿಜ್ಞಾನಿಯು ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಆ ಮಣ್ಣಿನಲ್ಲಿಯೇ ಇರುವುವೆಂಬುದನ್ನು ಬಲ್ಲವನಾಗಿದ್ದನು. ಅವುಗಳಿಗೆ ಕೊರತೆಯಾಗಿದ್ದುದು ಗಾಳಿ, ಸಾರಜನಕ ಮತ್ತು ರಂಜಕ. ಬಾವಿಗಳ ಮೂಲಕ ಇವನ್ನು ಒದಗಿಸಿದೊಡನೆ ಜೀವಿಗಳು ವೃದ್ಧಿಹೊಂದಿ ಪೆಟ್ರೋಲನ್ನು ಮೇಯಲಾರಂಭಿಸಿದುವು. ನಮ್ಮ ರೈತನು ತಿಪ್ಪೆಯನ್ನು ಮಗುಚಿ ನೀರು ಚಿಮುಕಿಸಿ ಗೊಬ್ಬರ ಮಾಗಿಸುವ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆವಿಯಾಗಿ ಹೋಗಬಲ್ಲ ದ್ರವಗಳಾದರೆ ನೀರಿನ ಮಟ್ಟದ ಕೆಳಗೆ ಗಾಳಿಯನ್ನು ಊದಿ, ಮೇಲೆ ಬಂದ ಆವಿಯನ್ನು ಕೊಳವೆಗಳಿಂದ ಹೀರಿ, ಇದ್ದಲಿನ ಮೂಲಕ ಹಾಯಿಸಿ ಶುದ್ಧಿಮಾಡುವುದುಂಟು.

ಕಬ್ಬಿಣದ ಗೋಡೆ, ಕಾಕಂಬಿಯ ಔಷಧ

ಎರಡನೆಯದು ಇನ್ನೂ ಕುತೂಹಲಕರವಾದುದು. 1980ರ ದಶಕದಲ್ಲಿ ಕೆನಡದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಅಂತರ್ಜಲದ ಮಾದರಿಗಳನ್ನು ಪರೀಕ್ಷಿಸುತ್ತಿದ್ದವರಿಗೆ ಒಂದು ವಿಚಿತ್ರ ಕಾಣಿಸಿತು. ಲೋಹದ ಸ್ಪರ್ಶವಾದ ನೀರಿನಲ್ಲಿ ಕೆಲವು ವಿಷದ್ರವಗಳು ತಾವಾಗಿ ಕಡಮೆಯಾಗುತ್ತಿದ್ದುವು. ಇತರರು ದೋಷವೆಂದು ಬಿಡಬಹುದಾಗಿದ್ದ ಈ ಅಂಶವನ್ನು ರಾಬರ್ಟ್ ಗಿಲ್ಹಮ್ ಎಂಬ ಪ್ರಾಧ್ಯಾಪಕರು ಹಿಡಿದು, ಕಬ್ಬಿಣದ ಚೂರುಗಳ ಗೋಡೆಯೊಂದನ್ನು ನೆಲದೊಳಗೆ ನಿಲ್ಲಿಸಿ 1991ನೆಯ ಇಸವಿಯಲ್ಲಿ ಪ್ರಯೋಗ ನಡೆಸಿದರು. ನೀರು ಗೋಡೆಯ ಒಳಗಿಂದ ತಾನಾಗಿ ಹರಿದುಹೋಗುತ್ತದೆ. ಹೋಗುವಾಗ ಕಬ್ಬಿಣವು ಅದರಲ್ಲಿಯ ವಿಷವನ್ನು ಒಡೆಯುತ್ತದೆ. ಪಂಪು ಬೇಡ, ವಿದ್ಯುಚ್ಛಕ್ತಿ ಬೇಡ.

ನಮಗೆ ಬಹು ಸಮೀಪವಾದ ನಿದರ್ಶನವು ಅಮೆರಿಕದ ಉತ್ತರ ಕ್ಯಾರೊಲಿನ ಪ್ರಾಂತದ ಎಲಿಜಬೆತ್ ಸಿಟಿಯದು. ಅಲ್ಲಿಯ ಕರಾವಳಿ ರಕ್ಷಣಾದಳದ ಕಾರ್ಖಾನೆಯಲ್ಲಿ 30 ವರ್ಷಗಳಿಗೂ ಹೆಚ್ಚು ಕಾಲ, 1984ರ ವರೆಗೆ, ಲೋಹಗಳಿಗೆ ಕ್ರೋಮಿಯಂ ಲೇಪನ ಮಾಡುತ್ತಿದ್ದರು. ಕ್ರೋಮಿಯಂ ಲೋಹಕ್ಕೆ ಮುಖ್ಯವಾಗಿ ಎರಡು ಅವಸ್ಥೆಗಳುಂಟು. ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕರಗಿ ದೂರ ಹೋಗುವಂಥದು, ಕ್ಯಾನ್ಸರ್ ರೋಗಕ್ಕೆ ಕಾರಣವಾಗಬಲ್ಲದು. ಮೂರು ವೇಲೆನ್ಸಿಯದು ಬಹುಮಟ್ಟಿಗೆ ಕರಗದೆ ಮಣ್ಣಿಗೆ ಅಂಟಿಕೊಳ್ಳುವಂಥದು, ಅಪಾಯವೂ ಕಡಮೆ. ಆ ಕಾರ್ಖಾನೆಯಿಂದ ಸೋರಿದ ಮೊದಲನೆಯ ಬಗೆಯ ವಿಷವು ನದಿಯ ಕಡೆಗೆ ಸಾಗುತ್ತಿತ್ತು. 1996ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಅದರ ದಾರಿಗೆ ಅಡ್ಡಲಾಗಿ 150 ಅಡಿ ಉದ್ದ, 24 ಅಡಿ ಆಳ, 2 ಅಡಿ ದಪ್ಪದ ಕಬ್ಬಿಣದ ಚೂರಿನ ಗೋಡೆಯನ್ನು ಹೂಳಿದರು. ಕಬ್ಬಿಣವು ಮೊದಲನೆಯ ಬಗೆಯನ್ನು ಎರಡನೆಯದನ್ನಾಗಿ ಮಾರ್ಪಡಿಸಿತು. 15 ವರ್ಷಗಳ ಅನಂತರ ಪರೀಕ್ಷಿಸಿದಾಗಲೂ ಆ ಗೋಡೆಯು ಕ್ರೋಮಿಯಂ ಅನ್ನು ತಡೆಯುತ್ತಲೇ ಇದ್ದಿತು. ಗೋಡೆಯಷ್ಟು ಅಗಲದ ಕಂದಕವನ್ನು ಒಮ್ಮೆ ತೋಡಿದುದು ನಿಜ; ಕೆಟ್ಟ ಮಣ್ಣನ್ನು ಅಗೆದು ಸಾಗಿಸುವ ಪ್ರಮೇಯ ಮಾತ್ರ ಬರಲಿಲ್ಲ.

ಮೂರನೆಯ ವಿಧಾನವನ್ನು ಕೇಳಿದರೆ ನಮ್ಮ ಮಂಡ್ಯದ ರೈತರಿಗೆ ನಗು ಬಂದೀತು. ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟಿನಲ್ಲಿ 1990ರ ದಶಕದಲ್ಲಿ ಕ್ರೋಮಿಯಂ ಮೊದಲಾದ ವಿಷಗಳ ಶಮನಕ್ಕಾಗಿ ಬಾವಿಗಳ ಮೂಲಕ ನೆಲದೊಳಕ್ಕೆ ಇಳಿಸಿದ ಔಷಧವು ಸಕ್ಕರೆ ಕಾರ್ಖಾನೆಯ ಕಾಕಂಬಿ! ಮಣ್ಣಿನ ಸೂಕ್ಷ್ಮಜೀವಿಗಳು ಕಾಕಂಬಿಯನ್ನು ತಿಂದು ನೀರಿನಲ್ಲಿಯ ಆಮ್ಲಜನಕವನ್ನು ಮುಗಿಸುತ್ತವೆ. ಆಮ್ಲಜನಕವಿಲ್ಲದ ಆ ಸ್ಥಿತಿಯಲ್ಲಿ ಕ್ರೋಮಿಯಂ ತನ್ನ ವಿಷರೂಪವನ್ನು ಬಿಟ್ಟು ಮಣ್ಣಿಗೆ ಅಂಟುತ್ತದೆ. ಕ್ಯಾಲಿಫೋರ್ನಿಯದ ಹಿಂಕ್ಲಿ ಎಂಬಲ್ಲಿ ಇದೇ ತತ್ತ್ವದ ಮೇಲೆ ಮದ್ಯಸಾರವನ್ನು ಇಳಿಸಿರುವರು. ಅಲ್ಲದೆ ಕೆಟ್ಟ ನೀರನ್ನು ಎತ್ತಿ ಕುದುರೆ ಮಸಾಲೆ ಸೊಪ್ಪಿನ ಹೊಲಗಳಿಗೆ ಹಾಯಿಸಿ, ಬೇರಿನ ಪ್ರದೇಶದ ಮಣ್ಣಿನಿಂದಲೇ ವಿಷವನ್ನು ಶಮನಗೊಳಿಸುತ್ತಿರುವರು.

ಪರದೇಶದವರ ಸೋಲುಗಳು

ಇಷ್ಟನ್ನು ಓದಿದ ವಾಚಕರು, ಹಾಗಾದರೆ ನಾಳೆಯೇ ಪರದೇಶದ ಕಂಪೆನಿಗಳನ್ನು ಕರೆದು ಕಂಟ್ರಾಕ್ಟು ಕೊಟ್ಟುಬಿಡಬಾರದೇಕೆ ಎನ್ನಬಹುದು. ಅಲ್ಲಿಯೇ ನಾವು ನಿಂತು ಯೋಚಿಸಬೇಕು. ಪಾಶ್ಚಾತ್ಯರ ಜಯಗಳಂತೆಯೇ ಅವರ ಸೋಲುಗಳೂ ನಮಗೆ ಪಾಠ. ಅಮೆರಿಕದಲ್ಲಿ ಬಹುಕಾಲ ನಡೆದಿದ್ದುದು ಕೆಟ್ಟ ನೀರನ್ನು ಪಂಪಿನಿಂದ ಎತ್ತಿ ಮೇಲೆ ಶುದ್ಧಿಮಾಡುವ ಪದ್ಧತಿ. ಆ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿಯವರು 1994ನೆಯ ಇಸವಿಯಲ್ಲಿ ಅಂತಹ 77 ಸ್ಥಳಗಳನ್ನು ಪರಿಶೀಲಿಸಿದಾಗ 69 ಕಡೆಗಳಲ್ಲಿ ಉದ್ದೇಶಿಸಿದ ಶುದ್ಧಿ ಇನ್ನೂ ಸಿದ್ಧಿಸಿರಲಿಲ್ಲ. ಧನವನ್ನು ನೀರಿನಂತೆ ಸುರಿದರೂ ನೀರು ಶುದ್ಧವಾಗಲಿಲ್ಲ. ಅವರು ಈ ಸೋಲನ್ನು ಮುಚ್ಚಿಡದೆ ಪ್ರಕಟಿಸಿದುದೇ ಹೊಸ ವಿಧಾನಗಳಿಗೆ ಒಂದು ಪ್ರೇರಣೆಯಾಯಿತೆಂಬುದನ್ನು ನಮ್ಮ ಅಧಿಕಾರಿಗಳು ಲಕ್ಷ್ಯದಲ್ಲಿಡತಕ್ಕದ್ದು.

ಶಮನದ ವಿಧಾನಗಳಿಗೂ ದೋಷಗಳುಂಟು. ಆಮ್ಲಜನಕವಿಲ್ಲದ ಸ್ಥಿತಿಯನ್ನು ಉಂಟುಮಾಡಿದರೆ ಮಣ್ಣಿನಲ್ಲಿ ಸಹಜವಾಗಿ ಅಡಗಿರುವ ಮ್ಯಾಂಗನೀಸ್ ಮತ್ತು ಆರ್ಸೆನಿಕ್ ಕರಗಿ ಮೇಲಕ್ಕೆ ಬರಬಹುದು. ಹಿಂಕ್ಲಿಯಲ್ಲಿ ಇದರ ಮೇಲೆ ಎಚ್ಚರವಿಡಬೇಕಾಗಿ ಬಂದಿದೆ. ಕಬ್ಬಿಣದ ಗೋಡೆಯು ಕಾಲಕ್ರಮದಲ್ಲಿ ತುಕ್ಕಿನಿಂದಲೂ ಲವಣಗಳಿಂದಲೂ ಕಟ್ಟಿಕೊಳ್ಳಬಹುದು. ಶಮನವಾದ ಕ್ರೋಮಿಯಂ ಮಣ್ಣಿನಲ್ಲಿಯೇ ಇರುತ್ತದೆ. ನೆಲದ ಸ್ಥಿತಿ ಬದಲಾದರೆ ಮತ್ತೆ ಕೆರಳಲೂಬಹುದು. ಆದಕಾರಣ ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಔಷಧದಷ್ಟೇ ಪಥ್ಯವೂ ಮುಖ್ಯ. ವರ್ಷವರ್ಷವೂ ಬಾವಿಗಳ ನೀರನ್ನು ಪರೀಕ್ಷಿಸುವುದೇ ಆ ಪಥ್ಯ.

ನಮ್ಮ ನೆಲವೇ ಬೇರೆ

ಎಲ್ಲಕ್ಕಿಂತ ಮುಖ್ಯವಾದ ಭೇದವು ನೆಲದ್ದು. ಎಲಿಜಬೆತ್ ಸಿಟಿಯ ನೆಲ ಕರಾವಳಿಯ ಮರಳುಪ್ರದೇಶ. ಅಲ್ಲಿ ನೀರು ಜರಡಿಯ ಮೂಲಕ ಹೋಗುವಂತೆ ಸಮನಾಗಿ ಹರಿಯುತ್ತದೆ. ಅದರ ದಾರಿಗೆ ಅಡ್ಡಲಾಗಿ ಗೋಡೆ ನಿಲ್ಲಿಸುವುದು ಸುಲಭ. ನಮ್ಮ ಬೆಂಗಳೂರಿನ ಪೀಣ್ಯವನ್ನು ನೋಡಿ. ಸಾವಿರಾರು ಸಣ್ಣ ಕೈಗಾರಿಕೆಗಳಿರುವ ಆ ಪ್ರದೇಶದಲ್ಲಿ ಲೋಹಲೇಪನದ ಕಾರ್ಖಾನೆಗಳೂ ಅನೇಕ. ಅಲ್ಲಿಯ ಅಂತರ್ಜಲದಲ್ಲಿಯೂ ಅದೇ ಆರು ವೇಲೆನ್ಸಿಯ ಕ್ರೋಮಿಯಂ ಕಂಡುಬಂದಿದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ 0.05 ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದು. ರೋಗ ಒಂದೇ; ಆದರೆ ರೋಗಿಯ ಶರೀರಪ್ರಕೃತಿ ಬೇರೆ. ಇಲ್ಲಿ ಮೇಲೆ ಕೆಲವು ಅಡಿಗಳ ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿಯಾದ ನೈಸ್ ಬಂಡೆ. ನೀರು ಹರಿಯುವುದು ಆ ಬಂಡೆಯ ಬಿರುಕುಗಳಲ್ಲಿ. ಒಂದು ಬಿರುಕು ಪೂರ್ವಕ್ಕೆ ಹೋದರೆ ಇನ್ನೊಂದು ದಕ್ಷಿಣಕ್ಕೆ. ಸಾಲದುದಕ್ಕೆ ಸಾವಿರ ಅಡಿಗಳ ವರೆಗೂ ನಾವು ಕೊರೆದಿರುವ ಕೊಳವೆಬಾವಿಗಳು ಮೇಲಿನ ವಿಷವನ್ನು ಆಳಕ್ಕೆ ಇಳಿಸುವ ತೂಬುಗಳಾಗಬಲ್ಲುವು. 24 ಅಡಿಯ ಗೋಡೆಯನ್ನು ಇಲ್ಲಿ ಹೂತರೆ ವಿಷವು ಅದರ ಅಡಿಯ ಬಿರುಕಿನಲ್ಲಿ ನುಸುಳಿಹೋಗಿ, ಗುತ್ತಿಗೆದಾರನ ಬಿಲ್ಲು ಮಾತ್ರ ಚುಕ್ತವಾದೀತು.

ಹಾಗೆಂದು ಈ ವಿದ್ಯೆ ನಮಗೆ ಬೇಡವೆಂದು ನಾವು ಹೇಳುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ವಿಷವು ನಿಂತಿರುವ ಕಡೆ ಗೋಡೆ ಉಪಯೋಗಕ್ಕೆ ಬರಬಹುದು. ಬಿರುಕುಗಳ ಜಾಡು ತಿಳಿದ ಕಡೆ ಕಾಕಂಬಿಯನ್ನು ಇಳಿಸಿ ನೋಡಬಹುದು. ಪೀಣ್ಯದ ಲೇತ್ ಯಂತ್ರಗಳ ಕೆಳಗೆ ದಿನವೂ ಕಬ್ಬಿಣದ ಚೂರು ಉದುರುತ್ತದೆ. ಎಣ್ಣೆಯನ್ನೂ ಇತರ ಲೋಹಗಳನ್ನೂ ತೆಗೆದು ಶುದ್ಧಿಮಾಡಿದರೆ ಅದು ಕೆಲಸಕ್ಕೆ ಬರುವುದೋ ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು. ಕಾಕಂಬಿಗಂತೂ ಕಬ್ಬಿನ ನಾಡಿನಲ್ಲಿ ಕೊರತೆಯಿಲ್ಲ. ಔಷಧವು ನಮ್ಮ ಮನೆಯ ಮೂಲೆಯಲ್ಲಿಯೇ ಬಿದ್ದಿದೆ. ಬೇಕಾದುದು ನಾಡಿ ನೋಡಬಲ್ಲ ವೈದ್ಯ. ಭಾರತೀಯ ವಿಜ್ಞಾನ ಮಂದಿರವು 1909ರಿಂದ ನಮ್ಮ ಊರಿನಲ್ಲಿಯೇ ಇದೆ. ಹೈದರಾಬಾದಿನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾಲಯವಿದೆ. ಕಾನಪುರದ ನೋರೈಯಾಖೇಡಾದಲ್ಲಿ ಕ್ರೋಮಿಯಂ ಕೂಡಿದ ಅಂತರ್ಜಲವನ್ನು ನೆಲದೊಳಗೇ ಶುದ್ಧಿಮಾಡುವ ಪ್ರಾಯೋಗಿಕ ಕಾರ್ಯವೂ ಹಿಂದೆ ನಡೆದಿದೆ. ಬಂಗಾಳದಲ್ಲಿ ಕೋಲ್ಕತ್ತೆಯ ಸಮೀಪದ ಕಾಸಿಂಪುರದಲ್ಲಿ ಇನ್ನೂ ಬೋಧಪ್ರದವಾದ ಕೆಲಸವಾಯಿತು. ಅಂತರ್ಜಲದ ಕಬ್ಬಿಣವನ್ನು ನೆಲದೊಳಗೇ ಬಿಡಿಸುವ ಐರೋಪ್ಯರ ವಿಧಾನವನ್ನು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದವರೂ ನಮ್ಮವರೂ ಕೂಡಿ ಆರ್ಸೆನಿಕ್ಕಿನ ನಿವಾರಣೆಗೆ ಒಗ್ಗಿಸಿಕೊಂಡರು. ಎತ್ತಿದ ನೀರಿನ ಒಂದು ಭಾಗಕ್ಕೆ ಗಾಳಿಯನ್ನು ಕೂಡಿಸಿ ಮತ್ತೆ ನೆಲಕ್ಕೆ ಇಳಿಸುವುದಷ್ಟೆ. ಕಬ್ಬಿಣವು ಅಲ್ಲಿಯೇ ಗರಣೆಗಟ್ಟಿ ಆರ್ಸೆನಿಕ್ಕನ್ನು ಹಿಡಿದುಕೊಳ್ಳುತ್ತದೆ. ರಾಸಾಯನಿಕ ಬೇಡ, ವಿಷದ ಕೆಸರಿನ ತೊಡಕಿಲ್ಲ. ತತ್ತ್ವವು ಪರದೇಶದ್ದು; ಒಗ್ಗಿಸಿದುದು ಬಂಗಾಳದ ನೆಲಕ್ಕೆ.

ಹಿಂದಿನ ಪಾಠ

ಪರದೇಶದ ವಿದ್ಯೆ ನಮ್ಮ ನಾಡಿಗೆ ಬಂದುದು ಇದು ಮೊದಲ ಸಲವಲ್ಲ. ಅದು ಎರಡು ಬಗೆಯಾಗಿ ಬಂದುದನ್ನು ಕನ್ನಡಿಗರು ಕಂಡಿರುವರು. 1887ನೆಯ ಇಸವಿಯಲ್ಲಿ ಗ್ಲಾಸ್ಗೋ ನಗರದವರು ಸಯನೈಡ್ ದ್ರವದಿಂದ ಅದಿರಿನ ಚಿನ್ನವನ್ನು ಬಿಡಿಸುವ ವಿಧಾನವನ್ನು ಕಂಡುಹಿಡಿದರು. ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಆಂಗ್ಲ ಕಂಪೆನಿಗಳು ಅದನ್ನು ಇಲ್ಲಿಗೆ ತಂದುವು. ಸುಮಾರು 800 ಟನ್ ಚಿನ್ನವು ಆ ನೆಲದಿಂದ ಹೊರಟಿತು. 1956ರಲ್ಲಿ ಗಣಿಗಳು ನಮ್ಮ ಸರ್ಕಾರದ ಕೈಗೆ ಬಂದ ಮೇಲೂ ನಾವು ಬೇರೆ ರೀತಿ ನಡೆದುಕೊಂಡೆವೆಂದು ಎದೆ ತಟ್ಟಿ ಹೇಳುವಂತಿಲ್ಲ. 2001ನೆಯ ಇಸವಿ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದುವು. ಚಿನ್ನ ಹೋಯಿತು, ಸಯನೈಡ್ ಗುಡ್ಡಗಳೆಂದು ಜನರು ಕರೆಯುವ 13 ದಿಬ್ಬಗಳು, ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ, ಉಳಿದಿವೆ. ಗಾಳಿ ಬೀಸಿದಾಗ ಆ ಧೂಳು ಹೋಗುವುದು ಗಣಿಯ ಕೆಲಸ ಕಳೆದುಕೊಂಡವರ ಮನೆಯೊಳಕ್ಕೆ. ಗಣಿಯ ಕಸಕ್ಕೆ ಬೇರೆ ಕಾನೂನುಗಳಿರುವುವೆಂದು 2025ರ ನಿಯಮಾವಳಿಯು ಅದನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿರುವುದನ್ನೂ ವಾಚಕರು ಗಮನಿಸಬೇಕು.

ಇನ್ನೊಂದು ಬಗೆಯದು ಕನ್ನಂಬಾಡಿ ಕಟ್ಟೆಯದು. ಅಣೆಕಟ್ಟಿನ ಶಾಸ್ತ್ರವನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಪಾಶ್ಚಾತ್ಯರ ಗ್ರಂಥಗಳಿಂದಲೇ ಕಲಿತಿದ್ದರು. 1898ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿಯ ಉದ್ಯೋಗಪದ್ಧತಿಗಳನ್ನು ಕಣ್ಣಾರೆ ನೋಡಿಬಂದಿದ್ದರು. ಆದರೆ ಕಟ್ಟೆಯ ಕಲ್ಲುಗಳನ್ನು ಬೆಸೆದುದು ಪರದೇಶದ ಸಿಮೆಂಟಿನಿಂದಲ್ಲ. ನಮ್ಮ ಸುಣ್ಣ ಸುರ್ಕಿಗಳ ಗಾರೆಯಿಂದ. ಶಾಸ್ತ್ರವನ್ನು ಸ್ವೀಕರಿಸಿ, ಸಾಮಗ್ರಿಯನ್ನು ಮನೆಯಲ್ಲಿ ಹುಡುಕಿ, ಕೆಲಸವನ್ನು ನಮ್ಮವರ ಕೈಯಿಂದಲೇ ಮಾಡಿಸುವುದೆಂದರೆ ಹೀಗೆ.

ನಮ್ಮಲ್ಲಿ ಪ್ರತಿಭೆಗೂ ಕೊರತೆಯಿಲ್ಲ. ಎಣ್ಣೆಯನ್ನು ತಿನ್ನುವಂತೆ ಸಿದ್ಧಪಡಿಸಿದ ಸೂಕ್ಷ್ಮಜೀವಿಗೆ 1980ನೆಯ ಇಸವಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪೇಟೆಂಟಿನ ಹಕ್ಕನ್ನು ಒಪ್ಪಿತಷ್ಟೆ. ಅದನ್ನು ಸಾಧಿಸಿದ ಆನಂದ ಮೋಹನ ಚಕ್ರವರ್ತಿಯವರು ಬಂಗಾಳದ ಸೈಂಥಿಯಾದವರು. ಸಾಧಿಸಿದುದು ಮಾತ್ರ ಅಮೆರಿಕದ ಕಂಪೆನಿಯೊಂದರ ಪ್ರಯೋಗಶಾಲೆಯಲ್ಲಿ. ನಮ್ಮ ಗುಂಡ್ಲುಪೇಟೆಯ ರೈತರು ಹೊಲದ ಬದುಗಳಲ್ಲಿ ಲಾವಂಚದ ಸಾಲುಗಳನ್ನು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಅದನ್ನು ನೋಡಿ ಬೆರಗಾಗಿ, ಮಣ್ಣಿನ ಸಂರಕ್ಷಣೆಗೆ ಇದಕ್ಕಿಂತ ಸುಲಭೋಪಾಯವಿಲ್ಲವೆಂದು ಜಗತ್ತಿಗೆ ಸಾರಿದರು. ಇಂದು ಆಸ್ಟ್ರೇಲಿಯ, ಚೀನಗಳಲ್ಲಿ ಗಣಿಯ ಕಸದ ದಿಬ್ಬಗಳನ್ನು ಹಿಡಿದು ನಿಲ್ಲಿಸಲು ಲಾವಂಚವನ್ನು ನೆಡುತ್ತಿರುವರು. ನಮ್ಮ ಹುಲ್ಲು ಪರದೇಶದ ಶಾಸ್ತ್ರವಾಗಿ ಮರಳಿ ನಮ್ಮ ಬಾಗಿಲಿಗೇ ಬರುತ್ತಿದೆ. ಗುಂಡ್ಲುಪೇಟೆಯಿಂದ ಕೋಲಾರಕ್ಕೆ ಹೋಗಬೇಕಾದರೆ ಅದು ವಾಷಿಂಗ್ಟನ್ ನಗರದ ಮೇಲೆ ಹಾಯ್ದೇ ಹೋಗಬೇಕೇ?

ಮಾಡತಕ್ಕ ಕೆಲಸ

ಆದಕಾರಣ ನಾವು ಸರ್ಕಾರದವರಿಗೂ ಜನರಿಗೂ ಸೂಚಿಸುವುದು ಇಷ್ಟು. ಮೊದಲನೆಯದಾಗಿ, ನಿದಾನ ಪರಿವರ್ಜನವೇ, ಎಂದರೆ ರೋಗದ ಕಾರಣವನ್ನು ನಿಲ್ಲಿಸುವುದೇ, ಚಿಕಿತ್ಸೆಯ ಮೊದಲ ಮೆಟ್ಟಿಲು. ಒಂದು ಕಡೆ ಕಾಕಂಬಿ ಇಳಿಸುತ್ತ ಇನ್ನೊಂದು ಕಡೆ ಕಾರ್ಖಾನೆಯ ವಿಷವನ್ನು ಹರಿಯಬಿಟ್ಟರೆ, ತಳವಿಲ್ಲದ ಕೊಡಕ್ಕೆ ನೀರು ಸೇದಿದಂತೆ. ಎರಡನೆಯದಾಗಿ, ಯಾವ ವಿಧಾನವನ್ನೇ ಆಗಲಿ ಕೊಳ್ಳುವುದಕ್ಕೆ ಮುಂಚೆ ಆ ಸ್ಥಳದ ನೆಲ, ಬಂಡೆ, ನೀರಿನ ಹರಿವುಗಳ ನಕ್ಷೆ ನಮ್ಮ ಕೈಯಲ್ಲಿರತಕ್ಕದ್ದು. ಅದನ್ನು ಮಾರಲು ಬಂದವನೇ ನಕ್ಷೆಯನ್ನೂ ಬರೆಯಕೂಡದು. ಮೂರನೆಯದಾಗಿ, ಪರದೇಶದ ಸಂಸ್ಥೆಗಳೊಡನೆ ಮಾಡಿಕೊಳ್ಳುವ ಪ್ರತಿಯೊಂದು ಕರಾರಿನಲ್ಲಿಯೂ ನಮ್ಮ ವಿದ್ಯಾರ್ಥಿಗಳೂ ಎಂಜಿನಿಯರುಗಳೂ ಜೊತೆಯಲ್ಲಿ ನಿಂತು ಕಲಿಯುವ ಷರತ್ತಿರಬೇಕು. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ನೆಲದ ವಿಷಯದಲ್ಲಿ ಹುಟ್ಟಿದುದೇ ಸರಿ. ನಾಲ್ಕನೆಯದಾಗಿ, ಖರ್ಚನ್ನು ಕೆಡಿಸಿದವನಿಂದ ವಸೂಲು ಮಾಡಬೇಕು. ಬಿಚ್ಛ್ರಿಯಲ್ಲಿ ಆದಂತೆ ದಶಕಗಳು ಕಳೆಯುವ ವರೆಗೆ ಕಾಯದೆ, ಕಾರ್ಖಾನೆ ನಡೆಯುತ್ತಿರುವಾಗಲೇ ಠೇವಣಿಯನ್ನು ಇರಿಸಿಕೊಳ್ಳುವುದು ವಿವೇಕ. ಕಡೆಯದಾಗಿ, ಬಾವಿಗಳ ಪರೀಕ್ಷೆಯ ಫಲವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಪ್ರಕಟಿಸಬೇಕು. ತಾನು ಕುಡಿಯುವ ನೀರಿನಲ್ಲಿ ಏನಿದೆಯೆಂಬುದನ್ನು ತಿಳಿಯುವ ಹಕ್ಕು ಬಾವಿಯ ಹಗ್ಗವನ್ನು ಹಿಡಿದ ಹೆಂಗಸಿಗೆ ಇಲ್ಲದಿದ್ದರೆ ಇನ್ನಾರಿಗಿದೆ?

ವಿದ್ಯೆಗೆ ದೇಶಭೇದವಿಲ್ಲ. ಅದು ಎಲ್ಲಿದ್ದರೂ ವಿನಯದಿಂದ ಹೋಗಿ ಕಲಿಯೋಣ. ಆದರೆ ಕಲಿತವನ ಕಾಲು ತನ್ನ ನೆಲದ ಮೇಲೆ ಊರಿರಬೇಕು. ಕೋಲಾರಕ್ಕೆ ಬಂದ ವಿದ್ಯೆ ಚಿನ್ನವನ್ನು ಒಯ್ದು ಧೂಳನ್ನು ಬಿಟ್ಟುಹೋಯಿತು. ಕನ್ನಂಬಾಡಿಗೆ ಬಂದ ವಿದ್ಯೆ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ನೆಲದೊಳಗಿನ ವಿಷವನ್ನು ಅಡಗಿಸುವ ಈ ಹೊಸ ವಿದ್ಯೆಯನ್ನು ಯಾವ ದಾರಿಯಿಂದ ಬರಮಾಡಿಕೊಳ್ಳುವೆವೆಂಬುದು ನಮ್ಮ ಕೈಯಲ್ಲಿದೆ. 96 ಸ್ಥಳಗಳು ಕಾದಿವೆ. ಅವುಗಳ ನೀರನ್ನು ಕುಡಿಯುವ ಮಕ್ಕಳು ಕಾಯಲಾರರು.